ಒಗ್ಗರಣೆ ಕಮ್ಮಿ, ಒರಳು ಜಾಸ್ತಿ

ರಾತ್ರಿ ನೆನೆಹಾಕಿದ್ದ ಅವರೆಕಾಳನ್ನು ಹಿತಕುತ್ತ ಹಿತ್ತಿಲ ಬಾಗಿಲ ಬಿಸಿಲಿನಲ್ಲಿ ಕೂತಿದ್ದೆ. ಸಿಪ್ಪೆ ಬಿಟ್ಟ ಕಾಳು ಬೆರಳ ಸಂದಿಯಿಂದ ಜಾರಿ ಪಾತ್ರೆಗೆ ಬೀಳುವ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ಯಜಮಾನರು ಹಿಟ್ಟಿನ ಗಿರಣಿಗೆ ಹೋಗಿದ್ದರು. ದಿನವಿಡೀ ಗಿರಣಿಯ ಸದ್ದಿನಲ್ಲಿ ಇರುವವರು, ಮನೆಗೆ ಬಂದರೆ ಅವರಿಗೆ ಮಾತು ಬೇಡ. ನಮಗೆ ಮಕ್ಕಳಿಲ್ಲ. ತ್ಯಾಮಗೊಂಡ್ಲಿನ ಈ ಮನೆಯಲ್ಲಿ ಮಾತು ಅಡುಗೆಗೆ ಹಾಕುವ ಇಂಗಿನಷ್ಟು, ಚೂರೇ ಚೂರು. ಅಷ್ಟಾದರೂ ಇದೆಯಲ್ಲ ಎಂದು ಬೆಳಿಗ್ಗೆ ದೀಪ ಹಚ್ಚುವಾಗ ಅಂದುಕೊಳ್ಳುತ್ತೇನೆ. ಆಗ ಫೋನು ಹೊಡೆದುಕೊಂಡಿತು. ಸೆರಗಿಗೆ ಕೈ ಒರೆಸಿಕೊಂಡು ಎತ್ತಿದೆ. ದೊಡ್ಡಬಳ್ಳಾಪುರದಿಂದ ನಮ್ಮಣ್ಣನ ಸೊಸೆ ಆಶಾ.

"ಅತ್ತೆ, ಮಾವಂಗೆ ಅರಳುಮರಳು ಶುರುವಾಯ್ತು ಅನ್ಸುತ್ತೆ" ಅಂದಳು.

ನಮ್ಮಣ್ಣನಿಗೆ ಕಿವಿ ಕೇಳದೆ ವರ್ಷಗಳಾಗಿದ್ದವು. ಫೋನಿನಲ್ಲಿ ಮಾತಾಡಿದರೆ ಹಲೋ ಹಲೋ ಎಂದು ಎರಡು ಸಲ ಕೂಗಿ ಸೊಸೆಯ ಕೈಗೆ ಕೊಟ್ಟುಬಿಡುತ್ತಿದ್ದ. ಮಗ ಈಚೆಗೆ ಅವನಿಗೊಂದು ಕಿವಿ ಮಿಷನ್ನು ಹಾಕಿಸಿದ್ದ. ಅದನ್ನು ಹಾಕಿಕೊಂಡಾಗಿನಿಂದ ಬರೀ ಅಡುಗೆಮನೆಯ ಮಾತಾಡುತ್ತಾನಂತೆ. ಮೊದಲ ದಿನವೇ ಒಗ್ಗರಣೆ ಇಲ್ಲ ಅಂದನಂತೆ. ಪಾಪ, ಆಶಾ ಸಾರಿಗೆ ಇನ್ನೊಂದು ಸಲ ಸಾಸಿವೆ ಕರಿಬೇವು ಸಿಡಿಸಿ ತಂದು ಬಡಿಸಿದಳಂತೆ. ಇವನು ತಟ್ಟೆ ಆಚೆ ತಳ್ಳಿದನಂತೆ. ಆಮೇಲೆ ಒರಳು ಜಾಸ್ತಿಯಾಯಿತು ಅಂತ ಗೊಣಗುವುದು. ಅವರ ಮನೆಯಲ್ಲಿ ಮಿಕ್ಸಿ ಬಂದಮೇಲೆ ಒರಳೇ ಇಲ್ಲ. ನಿನ್ನೆ ಮೊಮ್ಮಗು ಬಂದು ಕೊರಳಿಗೆ ಜೋತುಬಿದ್ದರೆ ಹಾಲು ಉಕ್ತು, ಹಾಲು ಉಕ್ತು ಅಂದನಂತೆ. ಇವಳು ಓಡಿಹೋಗಿ ನೋಡಿದರೆ ಒಲೆ ಹಚ್ಚೇ ಇಲ್ಲ. ಮಿಷನ್ನು ವಾಪಸು ಕೊಟ್ಟುಬಿಡುವುದು, ನಾಳೆ ಬೆಂಗಳೂರಿಗೆ ತಲೆ ನೋಡುವ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು ಎಂದು ಗಂಡ ಹೆಂಡತಿ ತೀರ್ಮಾನ ಮಾಡಿದ್ದರು.

"ಇನ್ನೊಂದು ಮಾತು ಅಂತಾರೆ ಅತ್ತೆ. ಅದನ್ನ ನಿಮ್ಮ ಹತ್ರ ಹೆಂಗೆ ಹೇಳೋದು. ಬಿಡಿ."

ಅವು ಅಡುಗೆ ಮಾತಲ್ಲ ಕಣೆ ಎಂದೆ. ಮತ್ತೇನು ಎಂದು ಕೇಳಿದಳು. ಒಂದೇ ಉಸಿರಿಗೆ ಹೇಳುವುದಕ್ಕೆ ನನ್ನಿಂದ ಆಗಲಿಲ್ಲ. ಅದನ್ನು ಹೇಳಬೇಕಾದರೆ ಒಂದು ಮನೆಯನ್ನೇ ಹೇಳಬೇಕು. ಅಷ್ಟರಲ್ಲಿ ಮಿಷನ್ನಿನ ಅಂಗಡಿಗೆ ಹೋಗಲು ಕರೆಸಿದ್ದ ಆಟೋ ಅವರ ಬಾಗಿಲಿಗೆ ಬಂತು. ಮಿಷನ್ನು ವಾಪಸು ಕೊಡಬೇಡ, ಆ ಅಂಗಡಿಗೆ ಹೋದ ತಕ್ಷಣ ನನಗೆ ಫೋನು ಮಾಡು, ನನ್ನ ಮಾತು ನಡೆಸಿಕೊಡು ತಾಯಿ ಎಂದು ಬೇಡಿಕೊಂಡೆ. ಹ್ಞೂ ಅಂದಳು. ಫೋನನ್ನು ಹೊಸಲ ಮೇಲಿಟ್ಟುಕೊಂಡು ಮತ್ತೆ ಕಾಳಿಗೆ ಕೈ ಹಾಕಿದೆ. ಕೈ ಇಲ್ಲಿತ್ತು. ಮನಸ್ಸು ನಮ್ಮಪ್ಪನ ಮನೆಯ ನಡುಮನೆಗೆ ಹೋಗಿತ್ತು.

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಎಲ್ಲರದೂ ಮಗ್ಗದ ಮನೆ. ನಮ್ಮದೊಂದು ಮೈಕಿನ ಮನೆ. ಅಜ್ಜನ ಕಾಲದಲ್ಲಿ ನಮ್ಮ ನಡುಮನೆಯಲ್ಲೂ ಕೈಮಗ್ಗವಿತ್ತಂತೆ. ನೇಯುವವರು ಕಾಲಿಳಿಬಿಟ್ಟು ಕೂರುವ ಗುಂಡಿ ಹಾಗೆಯೇ ಇತ್ತು, ಅದರ ಮೇಲೆ ಹಲಗೆ ಮುಚ್ಚಿ ಅಪ್ಪ ಮೈಕ್ ಸೆಟ್ಟು ಇಟ್ಟಿದ್ದರು. ಗೋಡೆಯುದ್ದಕ್ಕೂ ಹಾರ್ನುಗಳು ಒಂದರ ಬಾಯೊಳಗೆ ಒಂದು ತೂರಿಕೊಂಡು ಕೂತಿರುತ್ತಿದ್ದವು. ಮೂಲೆಯಲ್ಲಿ ವೈರಿನ ಸುರುಳಿಗಳು. ಮಲಗುವುದಕ್ಕೆ ಉಳಿದ ಜಾಗದಲ್ಲಿ ಅಣ್ಣ, ನಾನು, ಅಮ್ಮ ಸಾಲಾಗಿ ಮಲಗಿದರೆ ಅಪ್ಪನಿಗೆ ಜಗಲಿಯೇ ಗತಿ. ಮದುವೆ, ನಿಶ್ಚಿತಾರ್ಥ, ಗಣಪತಿ ಕೂರಿಸುವುದು, ದೇವಸ್ಥಾನದ ಭಜನೆ, ಎಲ್ಲದಕ್ಕೂ ನಮ್ಮ ಸೆಟ್ಟೇ ಹೋಗುತ್ತಿತ್ತು. ಹೋದ ಕಡೆಯಿಂದ ಬಾಳೆಲೆಯಲ್ಲಿ ಕಟ್ಟಿಸಿಕೊಂಡು ಬಂದ ಚಿತ್ರಾನ್ನ, ಬೂಂದಿ ನಮ್ಮ ಪಾಲಿನ ಹಬ್ಬ. ಉಳಿದ ದಿನ ಮುದ್ದೆ, ಬಸ್ಸಾರು. ಊಟಕ್ಕೆ ಕೂತಾಗ ಅಪ್ಪ ಸೆಟ್ಟಿನ ಕಡೆಗೇ ಮುಖ ಮಾಡಿಕೊಳ್ಳುತ್ತಿದ್ದರು. ಅಮ್ಮ ಅದಕ್ಕೆ, ನಿಮ್ಮ ದೊಡ್ಡ ಹೆಂಡ್ತಿಗೂ ಒಂದು ತಟ್ಟೆ ಇಡ್ಲಾ ಎಂದು ಕೇಳುತ್ತಿದ್ದಳು.

ಅಮ್ಮನಿಗೆ ಕಿವಿ ಅರೆಬರೆ. ಮದುವೆಗೆ ಮುಂಚೆ ತವರಿನಲ್ಲಿ ವಿದ್ಯುತ್ ಮಗ್ಗಗಳ ನಡುವೆ ನೂಲು ಸುತ್ತಿ ಸುತ್ತಿ ಕಿವಿ ಅರ್ಧ ಅಲ್ಲೇ ಬಿಟ್ಟುಬಂದೆ ಅನ್ನುತ್ತಿದ್ದಳು. ಅಪ್ಪ ಎಲ್ಲಿಂದಲೋ ಹಳೆಯ ಆಂಪ್ಲಿಫಯರ್ ತಂದ ದಿನ ಅದರ ಮುಖದ ಮೇಲೆ ಇಂಗ್ಲಿಷ್ ಅಕ್ಷರಗಳು ಅರ್ಧ ಅಳಿಸಿಹೋಗಿದ್ದವು. ಅಳಿಸದೇ ಇದ್ದಿದ್ದರೂ ನಮ್ಮ ಮನೆಯಲ್ಲಿ ಓದುವವರಿರಲಿಲ್ಲ. ಸಾಲಾಗಿ ಕಪ್ಪು ತಿರುಪುಗಳು, ಯಾವುದು ಏನು ಮಾಡುತ್ತದೆ ಎಂದು ತಿಳಿಯದು. ಅಪ್ಪ ಭಕ್ತಿಗೀತೆಯ ಕ್ಯಾಸೆಟ್ ಹಾಕಿ ಒಂದೊಂದನ್ನೇ ತಿರುಗಿಸುತ್ತ, ಅಡುಗೆಮನೆ ಕಡೆ ಮುಖ ಮಾಡಿ, ಹೆಂಗೈತೆ ಹೇಳೇ ಎಂದು ಕೂಗಿದರು. ಅಮ್ಮ ಸೌಟು ಹಿಡಿದುಕೊಂಡೇ ಬಂದು ಸ್ಪೀಕರ್ ಪೆಟ್ಟಿಗೆಯ ಮೇಲೆ ಎಡಗೈ ಇಟ್ಟಳು. ಅರ್ಧ ಕಿವಿಯಲ್ಲಿ, ಅರ್ಧ ಕೈಯಲ್ಲಿ ಕೇಳುತ್ತಿದ್ದಳು ಅವಳು.

"ಬರೀ ಒರಳು ತಿರುವಿದಂಗೈತೆ. ಗುಡುಗುಡು ಅಂತದೆ, ಮಾತೇ ತಿಳೀತಿಲ್ಲ. ಒಗ್ಗರಣೆನೇ ಬಿದ್ದಿಲ್ಲ ಇದಕ್ಕೆ."

ಅಪ್ಪ ಪಕ್ಕದ ತಿರುಪು ತಿರುಗಿಸಿದರು. ಹಾಡಿನವಳ ಸಕಾರಗಳೆಲ್ಲ ಚುಯ್ ಎಂದು ಎದ್ದವು, ತಾಳ ಚಟಪಟ ಸಿಡಿಯಿತು. ಹ್ಞಾ, ಈಗ ಸಾಸಿವೆ ಸಿಡೀತು ನೋಡಿ ಅಂದಳು ಅಮ್ಮ. ಅಲ್ಲಿಗೆ ನಾಮಕರಣವಾಯಿತು. ದಪ್ಪ ಸದ್ದಿನದು ಒರಳು, ಚೂಪು ಸದ್ದಿನದು ಒಗ್ಗರಣೆ. ಒಟ್ಟು ಸದ್ದು ಏರಿಸಿ ಇಳಿಸುವ ದೊಡ್ಡ ತಿರುಪಿಗೆ ಉರಿ ಎಂದಾಯಿತು, ಒಲೆಯ ಉರಿಯ ಹಾಗೆ. ಮೈಕು ಹಾರ್ನಿಗೆ ಹತ್ತಿರವಾದರೆ ಕುಂಯ್ಯೆಂದು ಒಮ್ಮೆಗೇ ಎದ್ದು ಕಿವಿ ಕೊರೆಯುವುದಿದೆಯಲ್ಲ, ಅದು ಹಾಲುಕ್ಕುವುದು. ಸುಮ್ಮನಿದ್ದದ್ದು ಕಣ್ಣು ಮಿಟುಕಿಸುವುದರೊಳಗೆ ಮೇಲೆ ಬರುತ್ತದಲ್ಲ. ಶುಕ್ರವಾರ ಶುಕ್ರವಾರ ಅಮ್ಮ ಸೆಟ್ಟಿನ ಧೂಳು ಹೊಡೆದು, ಚೌಡಮ್ಮನ ಪಟಕ್ಕೆ ಇಟ್ಟಮೇಲೆ ಅದೇ ಕುಂಕುಮವನ್ನು ಒಂದೊಂದು ತಿರುಪಿಗೂ ಇಡುತ್ತಿದ್ದಳು. ಉಳಿದಿದ್ದ ಇಂಗ್ಲಿಷ್ ಅಕ್ಷರಗಳು ಆ ಕುಂಕುಮದ ಕೆಳಗೇ ಮುಚ್ಚಿಹೋದವು.

ನನಗೂ ಒಂದು ಕೆಲಸ ಸಿಕ್ಕಿತು. ಸೆಟ್ಟು ಕಟ್ಟಿದ ಮೇಲೆ ಅಪ್ಪ ತಿರುಪುಗಳ ಹತ್ತಿರ ಕೂರುತ್ತಿದ್ದರು, ಅಣ್ಣ ಕಂಬ ಹತ್ತಿ ಹಾರ್ನು ತಿರುಗಿಸುತ್ತಿದ್ದ. ನಾನು ಕಟ್ಟಕಡೆಯ ಹಾರ್ನಿನಾಚೆ, ಬೀದಿಯ ಕೊನೆಗೋ ತೋಪಿನ ಅಂಚಿಗೋ ಹೋಗಿ ನಿಂತು, ಅಲ್ಲಿಗೆ ಹೇಗೆ ಕೇಳುತ್ತದೆ ಎಂದು ಕೈ ಸನ್ನೆ ಮಾಡಿ ಹೇಳಬೇಕು. ಅಂಗೈಯನ್ನು ಕೆಳಕ್ಕೆ ತಟ್ಟಿದರೆ ಒರಳು ಕಮ್ಮಿ ಮಾಡು. ಬೆರಳುಗಳನ್ನು ಸಿಡಿಸಿದರೆ ಒಗ್ಗರಣೆ ಹಾಕು. ಸದ್ದನ್ನು ನಾಲಿಗೆಯ ಮೇಲಿಟ್ಟು ನೋಡುವುದನ್ನು ನಾನು ಕಲಿತದ್ದು ಹಾಗೆ. ಒಬ್ಬಳೇ ನಿಲ್ಲುವುದನ್ನು ಕಲಿತದ್ದೂ ಹಾಗೆಯೇ. ನನ್ನ ವಾರಗೆಯ ಹುಡುಗಿಯರು ಚಪ್ಪರದೊಳಗೆ ಮದುಮಗಳ ಜಡೆ ಮುಟ್ಟಿ ನೋಡುತ್ತಿದ್ದರೆ, ನಾನು ದನಕರುಗಳ ನಡುವೆ ನಿಂತು ಪುರೋಹಿತರ ಮಂತ್ರಕ್ಕೆ ಒಗ್ಗರಣೆ ಸಾಕೇ ಎಂದು ಕಿವಿಗೊಡುತ್ತಿದ್ದೆ. ಎಷ್ಟೋ ಮದುವೆಗಳನ್ನು ಕೇಳಿದ್ದೇನೆ, ನೋಡಿದ್ದು ಕಡಿಮೆ. ಇಂದಿಗೂ ನಾಲ್ಕು ಜನ ಕೂಡಿದ ಕಡೆ ನನ್ನ ಕಾಲು ತಾನಾಗಿ ಹಿಂದಿನ ಸಾಲಿಗೆ ಹೋಗುತ್ತದೆ. ಅದನ್ನು ದುಃಖ ಎಂದು ಆಗ ಅಂದುಕೊಂಡಿರಲಿಲ್ಲ. ಕೆಲಸ ಮುಗಿದ ಮೇಲೆ ಅಣ್ಣ ಬಂದು ತನ್ನ ಪಾಲಿನ ಬೂಂದಿಯಲ್ಲಿ ಒಂದು ಹಿಡಿ ನನ್ನ ಲಂಗದ ಮಡಿಲಿಗೆ ಹಾಕುತ್ತಿದ್ದ. ಆ ಒಂದು ಹಿಡಿಯ ಸಿಹಿಗೆ ದೇವರನ್ನು ನೆನೆಯುತ್ತೇನೆ.

ನಾನು ದೊಡ್ಡವಳಾದ ಮೇಲೆ ಸೆಟ್ಟಿನ ಜೊತೆ ಹೋಗುವುದು ನಿಂತಿತು. ಅದೇ ಹೊತ್ತಿಗೆ ಅಣ್ಣ ಬೆಂಗಳೂರಿನಲ್ಲಿ ಸೆಟ್ಟು ರಿಪೇರಿ ಮಾಡುವ ಅಂಗಡಿಯೊಂದರಲ್ಲಿ ಕೆಲಸ ಕಲಿಯಲು ಹೋಗಿ ಬಂದ. ಹೋಗುವಾಗ ನಮ್ಮ ಅಣ್ಣ, ಬರುವಾಗ ಬಾಸ್, ಟ್ರೆಬಲ್, ವಾಲ್ಯೂಮ್, ಫೀಡ್‌ಬ್ಯಾಕ್. ಅಲ್ಲಿ ಒಂದು ದಿನ ಬಾಯಿತಪ್ಪಿ ಒಗ್ಗರಣೆ ಅಂದನಂತೆ, ಅವತ್ತಿನಿಂದ ಎಲ್ಲರೂ ಅವನನ್ನು ಅಡುಗೆ ಭಟ್ಟ ಎಂದು ಕರೆದರಂತೆ. ಆ ಅವಮಾನ ಅವನ ಹೊಟ್ಟೆಯಲ್ಲಿತ್ತು. ಬಂದವನೇ ಚೀಟಿಯಲ್ಲಿ ಆ ಹೆಸರುಗಳನ್ನು ಬರೆದು ತಿರುಪುಗಳ ಕೆಳಗೆ ಅಂಟಿಸಿದ. ಶುಕ್ರವಾರ ಬಂತು, ಅಮ್ಮ ಒದ್ದೆ ಬಟ್ಟೆಯಲ್ಲಿ ಒರೆಸಿದಳು, ಚೀಟಿಗಳೂ ಹೋದವು. ಅವತ್ತು ನಮ್ಮ ಮನೆಯಲ್ಲಿ ಆದ ಜಗಳ ಬೀದಿಯ ಮಗ್ಗಗಳ ಸದ್ದನ್ನೂ ಮೀರಿ ಕೇಳಿತು.

"ನಾಲ್ಕು ಜನ ನಗ್ತಾರೆ ಕಣಮ್ಮ. ಒರಳಂತೆ, ಒಗ್ಗರಣೆಯಂತೆ. ನಾವೇನು ಮೈಕ್ ಸೆಟ್‌ನೋರಾ, ಹೋಟೆಲ್‌ನೋರಾ?"

"ನಗೋರು ನಿಂಗೆ ಮುದ್ದೆ ಇಕ್ತಾರಾ? ನಂಗೆ ಕೇಳೋದೇ ಅರ್ಧ. ಆ ಅರ್ಧಾನೂ ಇಂಗ್ಲೀಷಲ್ಲಿ ಕೇಳು ಅಂತೀಯ."

ಅಮ್ಮ ಹೀಗೆ ಅಂದು ಒಳಗೆ ಹೋದಳು. ಆಮೇಲೆ ಇಬ್ಬರೂ ಮಾತು ಬಿಟ್ಟರು. ಅಣ್ಣನಿಗೆ ಊಟಕ್ಕೆ ಬಾ ಎಂದು ನಾನು ಕರೆಯಬೇಕು, ಅಮ್ಮನಿಗೆ ಸಾರು ಸಾಕಂತೆ ಎಂದು ನಾನು ಹೇಳಬೇಕು. ಅಪ್ಪ ಮಾತ್ರ ಮಗ ಕಲಿತುಕೊಂಡು ಬಂದಿದ್ದಾನೆ ಎಂಬ ಹೆಮ್ಮೆಯಲ್ಲಿ ಹೊಸ ಹೆಸರುಗಳನ್ನು ಗೊಣಗಿ ಗೊಣಗಿ ಬಾಯಿಪಾಠ ಮಾಡುತ್ತಿದ್ದರು.

ಇದು ಮುಗಿದದ್ದು ನಮ್ಮೂರ ಹತ್ತಿರದ ಮಧುರೆ ಎಂಬ ಹಳ್ಳಿಯ ಒಂದು ನಿಶ್ಚಿತಾರ್ಥದಲ್ಲಿ. ಪರಿಚಯದವರ ಮನೆ, ಹಾಗಾಗಿ ಅಮ್ಮ, ನಾನು ಕೂಡ ಹೋಗಿದ್ದೆವು. ಹೆಂಗಸರ ನಡುವೆ ಚಾಪೆಯ ಮೇಲೆ ಕೂತು ನಾನು ಮೊದಲ ಸಲ ಒಂದು ಶುಭಕಾರ್ಯವನ್ನು ಹತ್ತಿರದಿಂದ ನೋಡುತ್ತಿದ್ದೆ. ನನ್ನ ಹಳೆಯ ಜಾಗದಲ್ಲಿ, ದೂರದ ಹಾರ್ನಿನ ಹತ್ತಿರ, ಅಣ್ಣ ನಿಂತಿದ್ದ. ಪುರೋಹಿತರು ಮೈಕಿನಲ್ಲಿ ಲಗ್ನಪತ್ರಿಕೆ ಓದುತ್ತಿದ್ದರು. ಇಂಥವರ ಮೊಮ್ಮಗಳು, ಇಂಥವರ ಮಗಳು, ಚಿರಂಜೀವಿ ಸೌಭಾಗ್ಯವತಿ ಎಂದು ಹೆಣ್ಣಿನ ಹೆಸರು ಬಾಯಿಗೆ ಬರುವ ಹೊತ್ತಿಗೆ ಅಣ್ಣ ಅಲ್ಲಿಂದ ಕೂಗಿದ.

"ಅಪ್ಪಾ, ಟ್ರೆಬಲ್ ಜಾಸ್ತಿ ಆಯ್ತು!"

ಅಪ್ಪನ ಕಿವಿಗೆ ಬಿದ್ದದ್ದು ಟ್ರಬಲ್. ಎಲ್ಲೋ ವೈರು ಹೊತ್ತಿಕೊಂಡಿತು, ಜನಕ್ಕೆ ಕರೆಂಟು ಹೊಡೆಯುತ್ತದೆ ಎಂದುಕೊಂಡು ಮೇನ್ ಸ್ವಿಚ್ಚನ್ನೇ ಕಿತ್ತುಬಿಟ್ಟರು. ಹೆಣ್ಣಿನ ಹೆಸರು ಅರ್ಧದಲ್ಲಿ ನಿಂತಿತು. ದೀಪಗಳೂ ಹೋದವು. ಗಂಡಿನ ಅಜ್ಜಿ ಎದ್ದು ನಿಂತರು. ಇದು ಒಳ್ಳೆ ಶಕುನವಲ್ಲ, ತಟ್ಟೆ ಬದಲಾಯಿಸುವುದು ಬೇಡ ಎಂದರು. ಆ ಹುಡುಗಿ ತಲೆ ತಗ್ಗಿಸಿಕೊಂಡು ಕೂತಿದ್ದಳು. ಅಪ್ಪ ಬೆವರುತ್ತ ನಡುವೆ ಬಂದು ನಿಂತು ಕೈ ಮುಗಿದರು. ತಪ್ಪು ನಮ್ಮದು ತಾಯಿ, ಮಗ ಒಂದು ಹೇಳಿದ, ನಾನು ಒಂದು ಕೇಳಿಸಿಕೊಂಡೆ, ದೇವರ ಕಡೆಯಿಂದ ಏನೂ ಇಲ್ಲ ಎಂದರು. ಪುರೋಹಿತರು ಒಳ್ಳೆಯವರು. ಹೆಸರನ್ನು ಮೈಕಿಲ್ಲದೆ ಮತ್ತೊಮ್ಮೆ ಓದುತ್ತೇನೆ, ಇಲ್ಲಿರುವವರಿಗೆ ಕೇಳಿದರೆ ಸಾಕು, ಬೀದಿಗೆ ಯಾಕೆ ಎಂದು ನಕ್ಕು ಗಟ್ಟಿಯಾಗಿ ಓದಿದರು. ಅಜ್ಜಿ ಕೂತರು. ಅವತ್ತು ಆ ಹುಡುಗಿಯ ಮೇಲೆ ಅಪವಾದ ಬಾರದಂತೆ ಕಾದದ್ದು ಆ ತಾಯಿ ಚೌಡಮ್ಮನೇ.

ವಾಪಸು ಬರುವಾಗ ಲಗೇಜ್ ಆಟೋದಲ್ಲಿ ಹಾರ್ನುಗಳ ನಡುವೆ ಅಣ್ಣ ಮಂಡಿಯ ಮೇಲೆ ತಲೆಯಿಟ್ಟುಕೊಂಡು ಕೂತಿದ್ದ. ಮುಂದಿನ ಶುಕ್ರವಾರ ಅಮ್ಮ ಕುಂಕುಮ ಇಡುತ್ತಿದ್ದಾಗ ಅಣ್ಣ ಹಿಂದೆ ಬಂದು ನಿಂತ.

"ಅಮ್ಮ, ಒಗ್ಗರಣೆಗೆ ಇಟ್ಟಿಲ್ಲ ನೋಡು" ಅಂದ.

ಅಮ್ಮ ತಿರುಗಿಯೂ ನೋಡದೆ ಅದಕ್ಕೊಂದು ಬೊಟ್ಟಿಟ್ಟು, ಉಳಿದದ್ದನ್ನು ಅವನ ಹಣೆಗೆ ಒತ್ತಿದಳು. ಆಮೇಲೆ ನಮ್ಮ ಮನೆಯಲ್ಲಿ ಆ ಇಂಗ್ಲಿಷ್ ಹೆಸರುಗಳು ಕೇಳಲಿಲ್ಲ.

ನಾನು ತ್ಯಾಮಗೊಂಡ್ಲಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ಒಂದು ದಿನ ಯಜಮಾನರು ರೇಡಿಯೋ ಹಾಕಿಕೊಂಡು ಕೂತಿದ್ದರು. ಸದ್ದು ಗುಡುಗುಡು ಅನ್ನುತ್ತಿತ್ತು. ಒರಳು ಕಮ್ಮಿ ಮಾಡಿ ಎಂದೆ. ಅವರು ಎದ್ದು ಅಡುಗೆಮನೆಗೆ ಹೋಗಿ ಒರಳುಕಲ್ಲನ್ನು ನೋಡಿಕೊಂಡು ಬಂದರು. ಅತ್ತೆ ಬಿದ್ದು ಬಿದ್ದು ನಕ್ಕು ಅಕ್ಕಪಕ್ಕದವರಿಗೂ ಹೇಳಿದರು. ಕೆಟ್ಟ ಮನಸ್ಸಿನಿಂದಲ್ಲ, ಅವರಿಗೆ ನಗು ಬಂತು, ನಕ್ಕರು. ಆದರೆ ಆಮೇಲೆ ಆ ಮಾತುಗಳನ್ನು ಮಡಿಸಿ ಒಳಗಿಟ್ಟುಬಿಟ್ಟೆ. ಒಂದು ಮಾತನ್ನು ಒಳಗಿಟ್ಟರೆ ಅದರ ಜೊತೆ ಇನ್ನೂ ಎಷ್ಟೋ ಮಾತು ಒಳಗೇ ಉಳಿಯುತ್ತವೆ. ಮೊದಮೊದಲು ತವರಿಗೆ ಹೋದರೆ, ಬಾಗಿಲಲ್ಲಿ ಸೆಟ್ಟು ಕಟ್ಟುವ ಗಡಿಬಿಡಿ, ಯಾರಿಗೂ ಪುರುಸೊತ್ತಿಲ್ಲ. ನಾನಿದ್ದ ಜಾಗ ನೀರಿನಿಂದ ಕೈ ತೆಗೆದ ಹಾಗೆ ಕೂಡಿಕೊಂಡುಬಿಟ್ಟಿತು ಎಂದು ಬಸ್ಸಿನಲ್ಲಿ ಕೂತು ಅಂದುಕೊಳ್ಳುತ್ತಿದ್ದೆ. ಅಪ್ಪ ಹೋದರು, ಅಮ್ಮ ಹೋದಳು. ಎದೆ ನಡುಗಿಸುವ ದೊಡ್ಡ ದೊಡ್ಡ ಸ್ಪೀಕರ್ ಪೆಟ್ಟಿಗೆಗಳ ಕಾಲ ಬಂತು. ಮಗ ಇನ್ನೂ ತೊಟ್ಟಿಲಲ್ಲಿದ್ದಾಗಲೇ ಅಣ್ಣ ಸೆಟ್ಟು ಮಾರಿ ವಿದ್ಯುತ್ ಮಗ್ಗ ಹಾಕಿಸಿದ. ಅತ್ತಿಗೆಯೂ ಈಗಿಲ್ಲ. ಒರಳು ಒಗ್ಗರಣೆ ಎಂದರೆ ಏನೆಂದು ಗೊತ್ತಿರುವವರು ಈ ಭೂಮಿಯ ಮೇಲೆ ಇಬ್ಬರೇ ಉಳಿದಿದ್ದೆವು. ಅದರಲ್ಲಿ ಒಬ್ಬನಿಗೆ ಈಗ ಹುಚ್ಚೆಂದು ಹೆಸರು ಕಟ್ಟುವುದಕ್ಕೆ ಹೊರಟಿದ್ದರು.

ಫೋನು ಬಂತು. ಈ ಸಲ ಮುಖ ಕಾಣುವ ಹಾಗೆ ಮಾಡಿದ್ದಳು ಆಶಾ. ಚಿಕ್ಕ ಅಂಗಡಿ, ಮೇಜಿನ ಮೇಲೊಂದು ಲ್ಯಾಪ್‌ಟಾಪು, ಅದರ ಹಿಂದೆ ಕಿವಿ ಮಿಷನ್ನು ಸರಿಮಾಡುವ ಹುಡುಗಿ. ಪಕ್ಕದಲ್ಲಿ ನಮ್ಮಣ್ಣ, ಸಿಟ್ಟಿನಲ್ಲಿ ಗೋಡೆ ನೋಡುತ್ತ ಕೂತಿದ್ದ. ಎಷ್ಟು ಇಳಿದುಹೋಗಿದ್ದ. ಆ ಹುಡುಗಿ ಬಾಸ್ ಜಾಸ್ತಿ ಇದೆಯಾ ಅಂಕಲ್ ಎಂದು ಕೇಳಿದರೆ ಅವನಿಗೆ ಆ ಪ್ರಶ್ನೆಯೇ ಸರಿಯಾಗಿ ಕೇಳುತ್ತಿರಲಿಲ್ಲವಂತೆ. ಒಗ್ಗರಣೆ ಅಂದರೇನು ಎಂದು ಕೇಳಿದ್ದಕ್ಕೆ, ಒಗ್ಗರಣೆ ಅಂದ್ರೆ ಒಗ್ಗರಣೆ, ಇದ್ರಲ್ಲಿ ಹೇಳೋದೇನೈತೆ ಎಂದು ಗದರಿದನಂತೆ. ನಾನು ಉಸಿರು ತೆಗೆದುಕೊಂಡು ಹೇಳಿದೆ. ನಮ್ಮಪ್ಪ ಮೈಕ್ ಸೆಟ್ಟು ಇಟ್ಟಿದ್ದರಮ್ಮ, ಇವೆಲ್ಲ ತಿರುಪುಗಳ ಹೆಸರು, ನಮ್ಮಮ್ಮ ಇಟ್ಟದ್ದು. ಒರಳು ಅಂದರೆ ನೀವು ಬಾಸ್ ಅನ್ನುತ್ತೀರಲ್ಲ, ಅದು. ಒಗ್ಗರಣೆ ಟ್ರೆಬಲ್. ಕುಂಯ್ ಅನ್ನುವುದು ಹಾಲುಕ್ಕುವುದು. ಮಗು ತಬ್ಬಿಕೊಂಡಾಗ ಮಿಷನ್ನಿಗೆ ಕೆನ್ನೆ ಅಡ್ಡ ಬಂದು ಕುಂಯ್ ಅಂದಿರಬೇಕು ನೋಡು ಎಂದೆ.

ಆ ಹುಡುಗಿಯ ಮುಖ ಅರಳಿತು. ಒಳ್ಳೆಯ ಮಗು ಅದು, ನಗಾಡಲಿಲ್ಲ. ನಮ್ಮ ಹತ್ತಿರ ಬರುವವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ ಅಮ್ಮ, ತಗಡು ಬಡಿದ ಹಾಗೆ ಅಂತಾರೆ, ಮಡಕೆಯೊಳಗೆ ಕೂತ ಹಾಗೆ ಅಂತಾರೆ, ಇವರು ಹೇಳುವುದರಲ್ಲೂ ಏನೋ ಇದೆ ಎಂದು ನನಗೂ ಅನಿಸಿತ್ತು ಎಂದಳು. ಲ್ಯಾಪ್‌ಟಾಪಿನಲ್ಲಿ ಏನೋ ಒತ್ತಿ ಒರಳು ಇಳಿಸಿ, ಒಗ್ಗರಣೆ ಏರಿಸಿದಳು. ಅಣ್ಣ ತಟ್ಟನೆ ತಲೆ ಎತ್ತಿ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದ. ಆಶಾ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ನಾನು ಕಣ್ಣು ಮುಚ್ಚಿ ತಾಯಿ ಚೌಡಮ್ಮನಿಗೆ ಕೈ ಮುಗಿದೆ.

ಅಷ್ಟರಲ್ಲಿ ಅಣ್ಣ ಮತ್ತೆ ಮುಖ ಕಿವುಚಿದ.

"ಒಗ್ಗರಣೆ ಸರಿಯಾಯ್ತು ಕಣವ್ವ. ಪುಟ್ಟಿ ಜಾಸ್ತಿ ಐತೆ. ಅವಳನ್ನ ಕಮ್ಮಿ ಮಾಡು. ನಾನು ಬಾಯಿ ಬಿಡಂಗಿಲ್ಲ, ಬಂದುಬಿಡ್ತಾಳೆ."

ಪುಟ್ಟಿ ಎಂದರೆ ನಾನು. ತವರಿನಲ್ಲಿ ನನ್ನನ್ನು ಕರೆಯುತ್ತಿದ್ದ ಹೆಸರು. ಆಶಾ ಪರದೆಯಲ್ಲಿ ಮುಖ ತಿರುಗಿಸಿಕೊಂಡಳು, ಹೇಳಲಾರೆ ಎಂದು ಬಿಟ್ಟ ಮಾತು ಇದೇ ಎಂದು ತಿಳಿಯಿತು. ಈ ಹೆಸರಿನ ತಿರುಪು ನಮ್ಮ ಸೆಟ್ಟಿನಲ್ಲಿ ಇರಲಿಲ್ಲ. ಆಗಾಗ ಫೋನು ಮಾಡಿ ಅಣ್ಣ ಹೇಗಿದ್ದಾನೆ ಎಂದು ಕೇಳುತ್ತಿದ್ದೆನಲ್ಲ, ಅದೂ ಅವನಿಗೆ ಬೇಸರವಾಗಿತ್ತೇ ಎಂದುಕೊಂಡೆ. ಕೈಯಲ್ಲಿದ್ದ ಕಾಳು ಕೈಯಲ್ಲೇ ಉಳಿಯಿತು. ಫೋನು ಇಟ್ಟುಬಿಡೋಣ ಅನಿಸಿತು. ಇಡಲಿಲ್ಲ. ಅವನ ಕಿವಿಯ ಹತ್ತಿರ ಹಿಡಿ ಎಂದು ಆಶಾಗೆ ಹೇಳಿದೆ.

"ಅಣ್ಣ, ಪುಟ್ಟಿ ಅಂದ್ರೆ ಏನು?"

ಅವನು ಫೋನನ್ನು ಕೈಗೆ ತೆಗೆದುಕೊಂಡು ನನ್ನ ಮುಖ ನೋಡಿದ. ನನ್ನ ಮಾತು ಅವನಿಗೆ ನೇರವಾಗಿ ಕೇಳಿತ್ತು.

"ನಿಂಗೊತ್ತಿಲ್ವಾ? ನಿನ್ನ ಮದುವೆ ಆದ್ಮೇಲೆ ಅಪ್ಪ ಹೊಸ ಸೆಟ್ಟು ತಂದ್ರಲ್ಲ, ಎಕೋ ಇರೋದು. ಮನೇಲಿ ಹಾಕಿ ಹಲೋ ಅಂದ್ರೆ, ಲೋ ಲೋ ಲೋ ಅಂತ ಹಿಂದೇನೆ ಬತ್ತಿತ್ತು. ಅಮ್ಮ ಪೆಟ್ಟಿಗೆ ಮೇಲೆ ಕೈಯಿಟ್ಕೊಂಡು, ಅಯ್ಯೋ ನಮ್ ಪುಟ್ಟಿ ಕಣ್ರೋ, ಅಣ್ಣನ ಹಿಂದೆ ಹಿಂದೆ ಹಿಂಗೇ ಬತ್ತಿದ್ಲು ಅಂದ್ಲು. ಅಷ್ಟೇಯ. ಪುಟ್ಟಿ ಹಾಕು, ಪುಟ್ಟಿ ತೆಗಿ. ಸೆಟ್ಟು ಮಾರೋವರೆಗೂ ಅದೇ."

"ಯಾರೂ ನಂಗೆ ಹೇಳಲಿಲ್ಲ ಕಣಣ್ಣ."

"ಹೇಳೋದೇನೈತೆ. ದಿನಾ ಅಂತಿದ್ವಲ್ಲ."

ಅವನಿಗೆ ತಾನಾಡಿದ ಮಾತೇ ತಿರುಗಿ ತಿರುಗಿ ಕೇಳುತ್ತಿದೆ ಎಂದು ಆಶಾಗೆ ಬಿಡಿಸಿ ಹೇಳಿದೆ. ಇದು ಎಷ್ಟೋ ಜನಕ್ಕೆ ಆಗುತ್ತದೆ, ಕಿವಿಯೊಳಗೆ ಹೋಗುವ ರಬ್ಬರು ಬೇರೆ ಹಾಕಿದರೆ ಸರಿಹೋಗುತ್ತದೆ ಎಂದು ಆ ಹುಡುಗಿ ಡಬ್ಬಿ ತೆರೆದಳು. ಅಳುವುದೋ ನಗುವುದೋ ತಿಳಿಯದೆ ಕಾಯುತ್ತ ಕೂತೆ. ತಾಳಿ ಕಟ್ಟಿಸಿಕೊಂಡು ಬಂದ ಮೇಲೆ ಆ ಮನೆಯಲ್ಲಿ ನನ್ನ ಹೆಸರೇ ನಿಂತುಹೋಯಿತು ಎಂದುಕೊಂಡಿದ್ದೆ. ಭಜನೆಗೆ, ಮದುವೆಗೆ, ಗಣಪತಿಗೆ, ಹೋದ ಹೋದ ಕಡೆಯೆಲ್ಲ ಅದನ್ನೇ ಕೂಗಿದ್ದರು. ಕೇಳುವುದಕ್ಕೆ ನಾನಿರಲಿಲ್ಲ, ಅಷ್ಟೇ.

ರಬ್ಬರು ಬದಲಾಯಿಸಿ ಹುಡುಗಿ ಮಾತಾಡಿ ನೋಡಿ ಅಂಕಲ್ ಎಂದಳು. ಅಣ್ಣ ಮೈಕ್ ಪರೀಕ್ಷೆ ಮಾಡುವವನ ಹಾಗೆ ಗಂಟಲು ಸರಿಮಾಡಿಕೊಂಡು, ಹಲೋ ಅಂದ. ಕಾದ. ಇನ್ನೊಮ್ಮೆ ಹಲೋ ಅಂದ. ಅವನ ಮುಖ ತಿಳಿಯಾಯಿತು.

"ಪುಟ್ಟಿ ಹೋದ್ಲು ಕಣವ್ವ" ಎಂದು ಆ ಹುಡುಗಿಗೆ ಹೇಳಿದ. "ಈಗ ಸರಿಯಾಯ್ತು."

ಮಿಷನ್ನು ವಾಪಸು ಕೊಡುವುದಿಲ್ಲ ಅತ್ತೆ, ನಾಳೆ ಬೆಂಗಳೂರಿಗೂ ಹೋಗುವುದಿಲ್ಲ ಎಂದಳು ಆಶಾ. ಇನ್ನು ಮುಂದೆ ಬಾಸ್, ಟ್ರೆಬಲ್, ಎಕೋ ಎಂದೇ ಹೇಳಬೇಕು ಎಂದು ಮಾವನಿಗೆ ಕಲಿಸಿಕೊಡುತ್ತೇನೆ, ನಿಮಗೆ ತೊಂದರೆ ಕೊಡುವುದಿಲ್ಲ ಎಂದೂ ಸೇರಿಸಿದಳು. ಆಗಲಿ ತಾಯಿ, ಹಾಗೇ ಮಾಡು ಎಂದೆ. ಹಿಂದಿನಿಂದ ಅಣ್ಣನ ಧ್ವನಿ ಕೇಳುತ್ತಿತ್ತು, ಬಾಸು, ಟ್ರೆಬಲ್ಲು ಎಂದು ಆಗಲೇ ಹೇಳಿಕೊಳ್ಳುತ್ತಿದ್ದ. ಪರದೆ ಕಪ್ಪಾಯಿತು.

ಸಿಪ್ಪೆಯನ್ನು ಮೊರದಿಂದ ಹಸುವಿನ ಬಾನಿಗೆ ಸುರಿದು ಬರುವ ಹೊತ್ತಿಗೆ ಬೇಲಿಯಾಚೆಯಿಂದ ಪಕ್ಕದ ಮನೆಯಾಕೆ ಕೂಗಿದಳು, ಸಾವಿತ್ರಮ್ಮನೋರೆ, ನಲ್ಲೀಲಿ ನೀರು ಬಂತು. ಬಂದೆ ಎಂದೆ. ಕೊಡಗಳನ್ನು ತೊಳೆದು ನೀರು ಹಿಡಿಯಲು ಹೋದೆ.